ತುಟಿ ಬಿರಿಯುವ ಹೊತ್ತು

ಮಾರ್ಚ್ 3

ಇಂದು ಸಸ್ಯೋದ್ಯಾನದ ಬೀಜ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಕಾಲೇಜಿನ ಐದು ವರ್ಷವೂ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಡದವಳಿಗೆ ಇದು ದೊಡ್ಡ ಹುದ್ದೆಯೇನಲ್ಲ. ಆದರೆ ವಹಿಸಿರುವ ಕೆಲಸ ನನ್ನ ಯೋಗ್ಯತೆಗೆ ತಕ್ಕದ್ದೇ ಎಂದು ಇಲ್ಲಿಯಾದರೂ ಸಂಕೋಚವಿಲ್ಲದೆ ಬರೆದುಕೊಳ್ಳುತ್ತೇನೆ.

ಹಳೆಯ ಗಾಜಿನಮನೆಯ ಮೂಲೆಯಲ್ಲೊಂದು ಮರವಿದೆ. ಸೀತಾಫಲದ ಕುಲಕ್ಕೆ ಸೇರಿದ ಕಾಡುಜಾತಿ. ಕಾಡಿನಲ್ಲಿ ಈಗ ಒಂದೂ ಉಳಿದಿಲ್ಲ. ಇಲ್ಲಿಯವರೆಲ್ಲ ಅದನ್ನು 'ಮುದುಕಿ' ಎನ್ನುತ್ತಾರೆ. ಕಾಂಡವನ್ನು ಒಳಗಿನಿಂದ ಶಿಲೀಂಧ್ರ ತಿಂದುಹಾಕಿದೆ; ತಟ್ಟಿದರೆ ಖಾಲಿ ಡಬ್ಬದ ಸದ್ದು. ಕಸಿ ಕಟ್ಟಿದ್ದೆಲ್ಲ ಒಣಗಿಹೋಗಿದೆ. ಪ್ರತಿ ವರ್ಷ ನಾಲ್ಕಾರು ಹೂ ಬಿಡುತ್ತದೆ, ಒಂದು ಸಲವೂ ಕಾಯಿ ಕಚ್ಚಿಲ್ಲ. ದೂರದ ಇನ್ನೊಂದು ಉದ್ಯಾನದಲ್ಲಿ ಇದರದೇ ಜಾತಿಯ ಮತ್ತೊಂದು ಮರ ಕಳೆದ ವರ್ಷ ಪತ್ತೆಯಾಯಿತಂತೆ. ಅಲ್ಲಿಂದ ಪರಾಗ ಬರಲಿದೆ. ಅದನ್ನು ಮುದುಕಿಯ ಹೂಗಳಿಗೆ ಮುಟ್ಟಿಸಿ ಬೀಜ ಪಡೆಯುವುದು ನನ್ನ ಹೊಣೆ.

"ಈ ವರ್ಷ ದಾಟಿದ್ರೆ ಅದೇ ಹೆಚ್ಚು. ಮುಂದಿನ ವರ್ಷ ಅಂತ ಇಟ್ಕೋಬೇಡಿ," ಎಂದರು ನಿರ್ದೇಶಕರು.

ಒಂಬತ್ತು ಮೊಗ್ಗುಗಳಿವೆ. ಪ್ರತಿಯೊಂದರ ತೊಟ್ಟಿಗೂ ಯಾರೋ ಬಿಳಿ ದಾರ ಕಟ್ಟಿದ್ದರು. ಒಂದಕ್ಕೆ ಎರಡು ಗಂಟು, ಇನ್ನೊಂದಕ್ಕೆ ನಾಲ್ಕು, ತಲೆಬುಡವಿಲ್ಲ. ಕತ್ತರಿ ತಂದು ಎಲ್ಲವನ್ನೂ ಕತ್ತರಿಸಿ ತೆಗೆದೆ. ಅದರ ಬದಲು ತಗಡಿನ ಬಿಲ್ಲೆಗಳನ್ನು ತೂಗುಹಾಕಿ, ಮೊಗ್ಗಿನ ಸಂಖ್ಯೆ, 'ಪರಾಗಸ್ಪರ್ಶ ಮಾಡಿದವರು' ಎಂಬಲ್ಲಿ ನನ್ನ ಪೂರ್ಣ ಹೆಸರು, ಪದವಿಗಳ ಸಮೇತ, ಅಳಿಸದ ಶಾಯಿಯಲ್ಲಿ ಬರೆದೆ. ಗಾಜಿನಮನೆಗೆ ನೀರು ಹಾಕುವ ಹೆಂಗಸು ಬಿಂದಿಗೆ ಹಿಡಿದು ನೋಡುತ್ತ ನಿಂತಿದ್ದಳು.

"ಮೇಡಂ, ಆ ದಾರ..."

"ನೋಡಮ್ಮಾ, ಇನ್ನು ಮೇಲೆ ಈ ಮರದ ಹತ್ತಿರ ನೀರಿನ ಕೆಲಸ ಮಾತ್ರ ನಿಮ್ಮದು. ಉಳಿದದ್ದು ನಾನು ನೋಡ್ಕೋತೀನಿ."

"ಹಾಗೇ ಆಗ್ಲಿ ಮೇಡಂ," ಎಂದು ಹೋದಳು. ನೆಲದ ಮೇಲೆ ಬಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಆಯ್ದುಕೊಂಡು ಹೋದದ್ದೇಕೋ ತಿಳಿಯಲಿಲ್ಲ.

ಮಾರ್ಚ್ 10

ಪರಾಗ ಬಂದಿತು! ಮಂಜುಗಡ್ಡೆ ತುಂಬಿದ ಫ್ಲಾಸ್ಕಿನೊಳಗೆ ಕಿರುಬೆರಳಿನಷ್ಟು ಗಾಜಿನ ನಳಿಗೆ. ಅದರ ತಳದಲ್ಲಿ ಚಿಟಿಕೆ ಹಳದಿ ಪುಡಿ. ನೂರಾರು ಮೈಲಿ ದೂರದ ಮರವೊಂದು ತನ್ನ ಅರ್ಧವನ್ನು ಅಂಚೆಯಲ್ಲಿ ಕಳಿಸಿದೆ. ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿದೆ.

ಇನ್ನೂ ಯಾವ ಹೂವೂ ಅರಳಿಲ್ಲ. ನೀರಿನ ಹೆಂಗಸು ಬೆಳಿಗ್ಗೆಯೇ ಬಂದು, "ಒಂದು ತುಟಿ ಬಿರಿದಿದೆ ಮೇಡಂ, ಹಾಕೋದಾದ್ರೆ ಇವತ್ತೇ ಹಾಕ್ಬೇಕು," ಎಂದಳು. ಹೋಗಿ ನೋಡಿದೆ. ಮೊಗ್ಗು. ಮೂರು ದಪ್ಪ ದಳಗಳು ತುದಿಯಲ್ಲಿ ಉಗುರು ತೂರದಷ್ಟು ಸಡಿಲಗೊಂಡಿವೆ, ಅಷ್ಟೆ. 'ತುಟಿ ಬಿರಿಯುವುದು' ಎಂಬ ಪಾರಿಭಾಷಿಕ ಪದ ಯಾವ ಪುಸ್ತಕದಲ್ಲೂ ಇಲ್ಲವೆಂದೂ, ಅರಳದ ಮೊಗ್ಗಿಗೆ ಪರಾಗ ಹಾಕುವ ಪದ್ಧತಿ ಎಲ್ಲೂ ಇಲ್ಲವೆಂದೂ ತಿಳಿಹೇಳಿದೆ. ತಲೆಯಾಡಿಸಿದಳು. ಆಕೆಯ ಮುಖದಲ್ಲಿ ಕಂಡದ್ದು ಒಪ್ಪಿಗೆಯೆಂದೇ ಭಾವಿಸುತ್ತೇನೆ.

ಮನೆಯಲ್ಲಿ ತಂಗಿ ಜೀವಶಾಸ್ತ್ರದ ಪುಸ್ತಕ ತಲೆಯ ಮೇಲಿಟ್ಟುಕೊಂಡು ಸಮತೋಲನ ಮಾಡುತ್ತಿದ್ದಳು. ಓದುವುದಕ್ಕಿಂತ ಅದೇ ಸುಲಭವಂತೆ.

"ರ‍್ಯಾಂಕಮ್ಮಾ, ಮುದುಕಿಗೆ ಸೀಮಂತ ಯಾವಾಗ?"

ಹೊಲಿಗೆಯಂತ್ರದ ಮುಂದಿದ್ದ ಅಮ್ಮ ನಕ್ಕು ಸೂಜಿಗೆ ಪೋಣಿಸುತ್ತಿದ್ದ ದಾರ ತಪ್ಪಿಸಿಕೊಂಡಳು.

ಮಾರ್ಚ್ 11

ಮೊದಲ ಹೂ ಸಂಪೂರ್ಣ ಅರಳಿತು, ನಿನ್ನೆಯ ಮೊಗ್ಗೇ. ಸಂಜೆ ನಾಲ್ಕಕ್ಕೆ ದಳಗಳು ಹಾಯಾಗಿ ತೆರೆದುಕೊಂಡು, ಒಳಗಿನ ಕೇಸರಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಬ್ರಷ್ಷಿನ ತುದಿಯಿಂದ ಪರಾಗವನ್ನು ಮುಟ್ಟಿಸಿದೆ. ಕೈ ಒಂದಿನಿತೂ ನಡುಗಲಿಲ್ಲ. ಇತಿಹಾಸದಲ್ಲಿ ದಾಖಲಾಗಬೇಕಾದ ಕ್ಷಣಗಳು ಇಷ್ಟು ಸದ್ದಿಲ್ಲದೆ ನಡೆಯುತ್ತವೆಯೆಂದು ನನಗೆ ತಿಳಿದಿರಲಿಲ್ಲ.

ಮಾರ್ಚ್ 14

ಮೊದಲ ಹೂ ಉದುರಿತು. ಇಂದು ಅರಳಿದ ಎರಡಕ್ಕೂ ಪರಾಗ ಹಾಕಿದ್ದೇನೆ.

ಮಾರ್ಚ್ 17

ನಾಲ್ಕು ಉದುರಿವೆ. ಇಂದು ಅರಳಿದ ಎರಡೂ ಸೇರಿ ಒಟ್ಟು ಏಳಕ್ಕೆ ಪರಾಗಸ್ಪರ್ಶ ಆಗಿದೆ. ಪರಾಗ ದಾರಿಯಲ್ಲೇ ಸತ್ತಿರಬೇಕು. ಫ್ಲಾಸ್ಕು ತುಂಬಿದವರ ಅಜಾಗರೂಕತೆಯ ಬಗ್ಗೆ ವರದಿಯ ಕರಡು ಬರೆದಿಟ್ಟೆ. ಎರಡೂವರೆ ಪುಟ. ಚೆನ್ನಾಗಿ ಬಂದಿದೆ.

ಮಾರ್ಚ್ 19

ವರದಿಗೆ ಪುರಾವೆ ಬೇಕಲ್ಲ. ಸಕ್ಕರೆಯ ದ್ರಾವಣದ ಒಂದು ಹನಿಯಲ್ಲಿ ಆ ಪರಾಗವನ್ನು ಉದುರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಸತ್ತದ್ದನ್ನು ಸತ್ತದ್ದೆಂದು ತೋರಿಸುವ ಉದ್ದೇಶ.

ಒಂದು ಗಂಟೆ ಏನೂ ಇಲ್ಲ. ಗಾಜಿನ ಮಣಿಗಳಂತೆ ಬಿದ್ದುಕೊಂಡಿದ್ದವು. ಚಹಾ ಕುಡಿದು ಬಂದೆ. ಮತ್ತೆ ಕಣ್ಣಿಟ್ಟಾಗ ಒಂದರ ಬದಿಯಲ್ಲಿ ಚಿಕ್ಕ ಗುಳ್ಳೆ. ನೋಡನೋಡುತ್ತಿದ್ದಂತೆ ಆ ಗುಳ್ಳೆ ಉದ್ದವಾಯಿತು. ನಳಿಕೆಯಾಯಿತು. ಒಳಗೆ ಕಣಗಳು ಹೊಳೆಯ ನೀರಿನಂತೆ ತುದಿಯ ಕಡೆಗೆ ಹರಿಯುತ್ತಿದ್ದವು. ತುದಿ ಮುಂದಕ್ಕೆ, ಇನ್ನೂ ಮುಂದಕ್ಕೆ, ಏನನ್ನೋ ಹುಡುಕುತ್ತ ಸಾಗುತ್ತಿತ್ತು. ಕಣ್ಣಿಲ್ಲ, ನರವಿಲ್ಲ, ಮೈಯೆಂಬುದೂ ಇಲ್ಲ. ಒಂದು ಕಣ. ಅದರೊಳಗೆ ಎರಡು ವೀರ್ಯಕೋಶಗಳು ಕುಳಿತಿವೆ: ಒಂದು ಅಂಡವನ್ನು ಸೇರಿ ಗಿಡವಾಗಬೇಕಾದದ್ದು, ಇನ್ನೊಂದು ಆ ಗಿಡಕ್ಕೆ ಬುತ್ತಿಯಾಗಬೇಕಾದದ್ದು. ಮಗು ಹುಟ್ಟುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣ. ಈ ವಿಷಯದ ಮೇಲೆ ಹತ್ತು ಅಂಕಗಳ ಉತ್ತರ ಬರೆದು ಹತ್ತೂ ಗಳಿಸಿದ್ದೇನೆ. ಆದರೆ ಅದು ಹೀಗೆ ಹೋಗುತ್ತದೆಂದು, ಇಷ್ಟು ಆತುರದಲ್ಲಿ, ಇಷ್ಟು ಖಚಿತವಾಗಿ, ಕತ್ತಲೆಯ ದಾರಿಯಲ್ಲಿ ಮೊದಲೇ ಹೋಗಿ ಗೊತ್ತಿರುವವರಂತೆ ಹೋಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಅಥವಾ ಹೇಳಿದ್ದರೂ ನಾನು ಬರೆದುಕೊಳ್ಳುವುದರಲ್ಲಿದ್ದೆ.

ಕುತ್ತಿಗೆ ಹಿಡಿದುಕೊಂಡ ಮೇಲೆಯೇ ಮೂರು ಗಂಟೆ ಕಳೆದದ್ದು ತಿಳಿದದ್ದು.

ಪರಾಗ ಬದುಕಿದೆ. ಹಾಗಾದರೆ ತಪ್ಪು ಬೇರೆ ಕಡೆ ಇದೆ.

ಮಾರ್ಚ್ 20

ಏಳಕ್ಕೆ ಏಳೂ ಉದುರಿದವು. ಕೊನೆಯದು ನನ್ನ ಕಣ್ಣೆದುರೇ ಬಿತ್ತು, ನನ್ನ ಹೆಸರಿನ ಬಿಲ್ಲೆಯ ಸಮೇತ. ತಗಡು ನೆಲಕ್ಕೆ ಬಿದ್ದು ಟಣ್ ಎಂದಿತು. ಉಳಿದಿರುವುದು ಎರಡೇ ಮೊಗ್ಗು.

ನೀರಿನಾಕೆ ಪಕ್ಕದ ಕುಂಡಗಳ ಕಳೆ ಕೀಳುತ್ತಿದ್ದರು. ನಾನು ಹೋಗಿ ಬಳಿ ಕುಳಿತೆ. ಪ್ರಶ್ನೆ ಕೇಳಿ ಅಭ್ಯಾಸವಿಲ್ಲ. ತರಗತಿಯಲ್ಲಿ ಯಾವಾಗಲೂ ಉತ್ತರವೇ ನನ್ನ ಪಾಲಿಗೆ ಬರುತ್ತಿತ್ತು.

"ಆ ದಾರ ಯಾಕೆ ಕಟ್ಟಿದ್ರಿ?" ಎಂದೆ ಕೊನೆಗೆ.

ಆಕೆ ಕೈಯ ಮಣ್ಣು ಒರೆಸಿಕೊಂಡರು. "ಮೊಗ್ಗು ಮೂಡಿದ ದಿನ ದಾರ. ವಾರಕ್ಕೊಂದು ಗಂಟು. ಐದು ಗಂಟು ತುಂಬಿದ ಮಾರನೇ ಬೆಳಿಗ್ಗೆ ತುಟಿ ಬಿರಿಯುತ್ತೆ. ಒಂದು ದಿನ ಹಿಂದೆ ಮುಂದೆ ಆಗ್ಬಹುದು, ಅಷ್ಟೇ. ಹತ್ತೊಂಬತ್ತು ವರ್ಷ ನೋಡಿದ್ದೀನಿ."

"ತುಟಿ ಬಿರಿದಾಗ ಏನಾಗುತ್ತೆ?"

"ದುಂಬಿ ಒಳಗೆ ಹೋಗುತ್ತೆ. ಸಾಸಿವೆ ಕಾಳಿನಷ್ಟು ಇರ್ತಾವೆ, ಕರ್ರಗೆ. ಆ ಸಂದಿನಲ್ಲೇ ನುಗ್ಗಿ ಒಳಗೆ ಮಲಗ್ತಾವೆ. ಹೂವಿನೊಳಗೆ ಬೆಚ್ಚಗಿರುತ್ತೆ ಮೇಡಂ, ಬೆರಳಿಟ್ಟು ನೋಡಿದ್ದೀನಿ. ಮಾರನೇ ದಿನ ಸಂಜೆ ಹೂ ಬಾಯಿ ತೆರೆದಾಗ ಮೈಯೆಲ್ಲಾ ಹಳದಿ ಮಾಡ್ಕೊಂಡು ಹೊರಗೆ ಬರ್ತಾವೆ. ಮೊದಲ ದಿನ ಅದು ಹೆಣ್ಣು. ಎರಡನೇ ದಿನ ಗಂಡು. ನೀವು ಹೋಗ್ತಿದ್ದದ್ದು ಎರಡನೇ ದಿನ. ನೆಂಟರೆಲ್ಲಾ ಊಟ ಮಾಡಿ ಎದ್ದ ಮೇಲೆ ಎಲೆ ಹಾಕಿದ ಹಾಗೆ."

ಕಿವಿ ಸುಟ್ಟಂತಾಯಿತು. ಒಂದೇ ಹೂವಿನಲ್ಲಿ ಹೆಣ್ಣಂಗ ಮೊದಲು ಮಾಗಿ, ಅದು ಒಣಗಿದ ಮೇಲೆ ಗಂಡಂಗ ಮಾಗುವ ಈ ಏರ್ಪಾಡಿಗೆ ಪುಸ್ತಕದಲ್ಲೊಂದು ಹೆಸರಿದೆ. ಆ ಹೆಸರು ನನಗೆ ಗೊತ್ತು. ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದೇನೆ. ಅರಳುವುದಕ್ಕೆ ಮೊದಲೇ ಹೂ ಹೆಣ್ಣಾಗಿರಬಹುದೆಂದು ಮಾತ್ರ ಹೊಳೆಯಲಿಲ್ಲ. ಮುದುಕಿ ಇಷ್ಟು ವರ್ಷ ಬರಿದಾಗಿದ್ದೇಕೆಂಬುದೂ ಈಗ ತಿಳಿಯಿತು: ಒಂದು ಹೂವಿನ ಪರಾಗ ಬಿರಿಯುವ ಹೊತ್ತಿಗೆ ಹೆಣ್ಣಾಗಿ ಕಾದಿರುವ ಇನ್ನೊಂದು ಹೂ ಸಾಮಾನ್ಯವಾಗಿ ಇರುತ್ತಲೇ ಇರಲಿಲ್ಲ. ಇದ್ದಾಗಲೂ ತನ್ನ ಮರದ ಪರಾಗವನ್ನು ಅದು ಒಪ್ಪುತ್ತಿರಲಿಲ್ಲವೇನೋ.

"ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಎರಡು ಸಲ ಹೇಳೋಕೆ ಬಂದೆ. ಮೂರನೇ ಸಲ ಬರೋದಕ್ಕೆ..." ಆಕೆ ಕಳೆಯ ಬೇರು ಕೊಡವಿದರು. "ನಂಗೂ ಸ್ವಲ್ಪ ಜಂಬ ಇದೆ ಮೇಡಂ. ನೋಡೋಣ ಇವಳು ಏನು ಮಾಡ್ತಾಳೆ ಅಂದ್ಕೊಂಡೆ. ನಾಲ್ಕು ಹೂ ಹೋದ ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ. ಮುದುಕಿ ಏನು ತಪ್ಪು ಮಾಡಿತ್ತು ನಮ್ಮಿಬ್ಬರ ಮಧ್ಯೆ?"

ನಾನೂ ಪಕ್ಕದ ಕುಂಡದ ಕಳೆಗೆ ಕೈ ಹಾಕಿದೆ.

ಉಳಿದ ಎರಡು ಮೊಗ್ಗಿಗೆ ಎಷ್ಟು ಗಂಟಾಗಿತ್ತೆಂಬುದು ಆಕೆಗೂ ನಿಖರವಾಗಿ ನೆನಪಿಲ್ಲ. ನಾನು ಕತ್ತರಿಸಿದ ಚೂರುಗಳನ್ನು ಡಬ್ಬಿಯಲ್ಲಿಟ್ಟಿದ್ದಾರೆ, ಆದರೆ ಯಾವ ಚೂರು ಯಾವ ಮೊಗ್ಗಿನದೆಂದು ಹೇಳುವವರಾರು? ಆ ಲೆಕ್ಕವಿದ್ದದ್ದು ತೊಟ್ಟಿನ ಮೇಲೆ ಮಾತ್ರ. ಇನ್ನು ಪ್ರತಿ ಬೆಳಿಗ್ಗೆ ಕಾಯುವುದೊಂದೇ ದಾರಿ.

ಮಾರ್ಚ್ 21

ಬೆಳಕು ಹರಿಯುವ ಮೊದಲೇ ಗಾಜಿನಮನೆಯಲ್ಲಿದ್ದೆ. ಬಿರಿದಿಲ್ಲ.

ಪರಾಗವನ್ನು ಮತ್ತೆ ಪರೀಕ್ಷಿಸಿದೆ. ನೂರು ಕಣಗಳಲ್ಲಿ ನಳಿಕೆ ಬಿಟ್ಟವು ಹನ್ನೊಂದು. ಮೊನ್ನೆ ಅರವತ್ತಿದ್ದವು. ಹೊಸದು ಕಳಿಸಿರೆಂದು ಆ ಉದ್ಯಾನಕ್ಕೆ ಫೋನು ಮಾಡಿದರೆ, ಅಲ್ಲಿಯ ಮರದ ಹೂ ಮುಗಿದೇಹೋಗಿದೆ.

ಅಮ್ಮನ ಪೆಟ್ಟಿಗೆಯಿಂದ ಬಿಳಿ ದಾರದ ಉಂಡೆಯೊಂದನ್ನು ತೆಗೆದುಕೊಂಡೆ. "ನಿನಗ್ಯಾಕೆ ದಾರ? ಸೂಜಿ ಯಾವ ಕಡೆ ಚುಚ್ಚುತ್ತೆ ಅಂತ ಗೊತ್ತಿಲ್ಲದವಳು!" ಎಂದಳು ಅಮ್ಮ. ಎಲ್ಲವನ್ನೂ ಹೇಳಿದೆ. ತಂಗಿ ಈ ಸಲ ನಗಲಿಲ್ಲ. "ನೀನು ಹೋಗಿ ಕೇಳಿದ್ಯಾ? ನೀನೇ?" ಎಂದು ಮಾತ್ರ ಎರಡು ಸಲ ಕೇಳಿದಳು.

ಮಾರ್ಚ್ 22

ಬೆಳಿಗ್ಗೆ ಆರೂಕಾಲು. ನೀರಿನಾಕೆ, ಎಲ್ಲರಂತೆ ಈಗ ನಾನೂ ದೊಡ್ಡಮ್ಮ ಎನ್ನುವವರು, ನನಗಿಂತ ಮೊದಲು ಬಂದು ಮರದ ಕೆಳಗೆ ಸ್ಟೂಲು ಹಾಕಿಕೊಂಡು ಕುಳಿತಿದ್ದರು. ಬೆರಳು ತೋರಿಸಿದರು.

ಬಿರಿದಿತ್ತು. ಎರಡೂ ಮೊಗ್ಗು, ಒಂದೇ ಬೆಳಿಗ್ಗೆ.

ಮೂರು ದಳಗಳ ತುದಿಯಲ್ಲಿ ದಾರ ತೂರುವಷ್ಟು ಸಂದು. ಹತ್ತಿರ ಬಾಗಿದಾಗ ಮಾಗಿದ ಹಣ್ಣಿನ ಪರಿಮಳ, ಅರಳದ ಮೊಗ್ಗಿನಿಂದ! ದೊಡ್ಡಮ್ಮ ಹೆಬ್ಬೆರಳಿನಿಂದ ಒಂದು ದಳವನ್ನು ಮೆಲ್ಲನೆ ಸರಿಸಿ ಹಿಡಿದರು. ನಾನು ಭೂತಗನ್ನಡಿಯಲ್ಲಿ ನೋಡಿದೆ.

ಒಳಗೆ ಬೆಳಗಾಗುತ್ತಿತ್ತು. ಬೇರೆ ಹೇಗೆ ಬರೆಯಲಿ? ನಡುವೆ ಚಿಕ್ಕದೊಂದು ಗುಡ್ಡ. ಅದರ ಮೇಲೆ ಒತ್ತೊತ್ತಾಗಿ ನಿಂತ ನೂರಾರು ಶಲಾಕಾಗ್ರಗಳು, ಪರಾಗವನ್ನು ಬರಮಾಡಿಕೊಳ್ಳುವ ತುದಿಗಳು. ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಹನಿ. ಆ ಎಲ್ಲ ಹನಿಗಳೂ ಗಾಜಿನ ಮಾಡಿನಿಂದ ಬಂದ ಬೆಳಕನ್ನು ಹಿಡಿದು ನಿಂತಿದ್ದವು. ಸುತ್ತಲೂ ಕೇಸರಗಳು ಬಿಗಿಯಾಗಿ ಮುಚ್ಚಿಕೊಂಡು, ತಮ್ಮ ಸರದಿ ನಾಳೆಯದೆಂದು ತಿಳಿದವರಂತೆ ಸುಮ್ಮನಿದ್ದವು. ನಾನು ಏಳು ಸಲ ಈ ಮನೆಗೆ ಬಂದಿದ್ದೆ, ಏಳು ಸಲವೂ ದೀಪ ಆರಿದ ಮೇಲೆ.

"ಹಾಕಿ ಮೇಡಂ. ಹೊತ್ತು ಏರಿದ್ರೆ ಆರಿಹೋಗುತ್ತೆ."

ಬ್ರಷ್ಷು ಎತ್ತಿಕೊಂಡೆ. ಸಂದಿನವರೆಗೆ ಒಯ್ದು ಹಿಂದಕ್ಕೆ ತಂದೆ. ನಳಿಗೆಯಲ್ಲಿ ಉಳಿದಿರುವುದಿಷ್ಟೇ, ಅದರಲ್ಲಿ ಬದುಕಿರುವುದು ನೂರಕ್ಕೆ ಹನ್ನೊಂದು, ಜಗತ್ತಿನಲ್ಲಿ ಈ ಹೂ ಎರಡೇ. ಬ್ರಷ್ಷನ್ನು ದೊಡ್ಡಮ್ಮನ ಕಡೆ ಚಾಚಿದೆ.

"ನೀವೇ ಹಾಕಿ."

"ನಾನಾ? ನಂಗೆ ಇದೆಲ್ಲಾ..."

"ದುಂಬಿ ಹೇಗೆ ಹೋಗುತ್ತೆ ಅಂತ ನೋಡಿದವರು ನೀವು."

ಆಕೆ ನನ್ನನ್ನು ಒಂದು ಕ್ಷಣ ನೋಡಿದರು. ಬ್ರಷ್ಷು ತೆಗೆದುಕೊಂಡು, ಒಂದು ಹೂವಿನೊಳಗೆ ಸುತ್ತು ತಿರುಗಿಸಿದರು. ದುಂಬಿ ಮೈ ಹೊರಳಿಸುವಂತೆ, ಆತುರವಿಲ್ಲದೆ. ಆಮೇಲೆ ಬ್ರಷ್ಷನ್ನು ನನ್ನ ಕೈಗಿಟ್ಟು, ನನ್ನ ಮಣಿಕಟ್ಟನ್ನು ಕೆಳಗಿನಿಂದ ಹಿಡಿದರು. ಇನ್ನೊಂದು ಹೂವಿಗೆ ಹಾಗೆಯೇ ನಾವಿಬ್ಬರೂ ಹಾಕಿದೆವು. "ಉಸಿರು ಬಿಡು ಮಗಾ," ಎಂದರು.

ಎರಡು ತೊಟ್ಟಿಗೂ ಬಿಳಿ ದಾರ ಕಟ್ಟಿದೆ. ನನ್ನ ಹೆಸರಿನ ಬಿಲ್ಲೆಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಮಾರ್ಚ್ 25

ನಾನು ಹಾಕಿದ್ದು ಉದುರಿತು. ದೊಡ್ಡಮ್ಮ ಹಾಕಿದ್ದು ನಿಂತಿದೆ.

ಮಾರ್ಚ್ 30

ನಿಂತಿದೆ! ದಳಗಳು ಕಳಚಿಬಿದ್ದಿವೆ. ನಡುವಿನ ಗುಡ್ಡ ಹಸಿರಾಗಿದೆ, ಮೆಣಸಿನ ಕಾಳಿನಷ್ಟು.

ಏಪ್ರಿಲ್ 2

ನಿರ್ದೇಶಕರು ವರದಿ ಕೇಳಿದರು. ಎರಡೂವರೆ ಪುಟದ ಕರಡು ಮೇಜಿನ ಖಾನೆಯಲ್ಲಿತ್ತು. ಅದನ್ನು ಹರಿದು ಒಂದು ಪುಟ ಬರೆದೆ: ಪರಾಗ ಚೆನ್ನಾಗಿತ್ತು, ಮೊಗ್ಗಿನ ವಯಸ್ಸು ತೋರಿಸುವ ದಾರಗಳನ್ನು ಕತ್ತರಿಸಿದವಳು ನಾನು, ಏಳು ಹೂಗಳಿಗೆ ಒಂದು ದಿನ ತಡವಾಗಿ ಪರಾಗ ಹಾಕಿದವಳೂ ನಾನೇ, ಈಗ ನಿಂತಿರುವ ಕಾಯಿ ದೊಡ್ಡಮ್ಮನ ಕೈಯದು.

ಓದಿ ಕನ್ನಡಕ ತೆಗೆದರು. "ಇದನ್ನ ಮೇಲಿನವರಿಗೆ ಕಳಿಸಿದ್ರೆ ನಿಮ್ಮ ಕೆಲಸ ಖಾಯಂ ಆಗೋದು ಕಷ್ಟ. ಗೊತ್ತಲ್ವಾ?"

"ಗೊತ್ತು ಸರ್. ಆದರೆ ದಾರದ ವಿಷಯ ಬರೀದೆ ಇದ್ರೆ ಮುಂದೆ ಬರೋರು ಮತ್ತೆ ಕತ್ತರಿಸ್ತಾರೆ."

"ಹೂಂ," ಎಂದು ಸಹಿ ಹಾಕಿದರು. ಊಟದ ಹೊತ್ತಾಗಿತ್ತು, ಕಾಯಿಯನ್ನು ನೋಡಿಬರಲು ಹೋದೆ.

ಮೇ 16

ಮುದುಕಿಯ ಎಡಗಡೆಯ ಕೊಂಬೆಗಳೆಲ್ಲ ಒಣಗಿವೆ. ಎಲೆ ಉದುರುತ್ತಿದೆ. ಕಾಯಿ ಇರುವ ಒಂದೇ ಕೊಂಬೆ ಹಸಿರು. ಮರ ಉಳಿದೆಲ್ಲ ಕೊಂಬೆಗಳ ದೀಪ ಆರಿಸಿ ಒಂದು ಕೋಣೆಯಲ್ಲಿ ಮಾತ್ರ ಉರಿಸಿದಂತಿದೆ. ದೊಡ್ಡಮ್ಮ ಆ ಕೊಂಬೆಗೆ ಮೆತ್ತೆ ಸುತ್ತಿ ಆಸರೆಗೋಲು ಕೊಟ್ಟಿದ್ದಾರೆ. ಇದರ ಬಗ್ಗೆ ಸಸ್ಯಶಾಸ್ತ್ರದಲ್ಲಿ ಸರಿಯಾದ ವಿವರಣೆಯಿದೆ, ನನಗದು ಗೊತ್ತೂ ಇದೆ. ಗೊತ್ತಿದ್ದೂ ದಿನಾ ಹತ್ತು ನಿಮಿಷ ಸುಮ್ಮನೆ ನಿಲ್ಲುತ್ತೇನೆ.

ಕಾಯಿ ಸೊಟ್ಟಗಿದೆ. ಒಂದು ಬದಿ ಉಬ್ಬಿದೆ, ಇನ್ನೊಂದು ಬದಿ ಚಪ್ಪಟೆ. ಪ್ರತಿಯೊಂದು ಶಲಾಕಾಗ್ರವೂ ಬೇರೆ ಬೇರೆಯಾಗಿ ಪರಾಗ ಪಡೆದರೆ ಮಾತ್ರ ಅದರ ಕೆಳಗಿನ ಭಾಗ ಉಬ್ಬುವುದು. ಎಂದರೆ ಜೀವವಿದ್ದ ಕಣಗಳು ಎಲ್ಲೆಲ್ಲಿ ಬಿದ್ದವೋ ಅದರ ನಕ್ಷೆಯೇ ಈ ಕಾಯಿ. ಆ ಬೆಳಿಗ್ಗೆ ಬ್ರಷ್ಷು ತಿರುಗಿದ ದಾರಿಯನ್ನು ಬೆರಳಿನಿಂದ ಸವರಿ ಓದಬಹುದು.

"ನಿಮ್ಮ ಕೈಬರಹ ಸೊಟ್ಟ ದೊಡ್ಡಮ್ಮಾ," ಎಂದೆ.

"ನಿನ್ನದು ದುಂಡಗಿತ್ತು, ಬಿದ್ದೇ ಹೋಯ್ತು," ಎಂದರು.

ಜುಲೈ 21

ಹಣ್ಣಾಯಿತು. ಇಬ್ಬರೂ ಕೈಯೊಡ್ಡಿ ನಿಂತಾಗ ತಾನಾಗಿ ತೊಟ್ಟು ಕಳಚಿತು. ಬಿಳಿ ದಾರ ಅದರೊಂದಿಗೇ ಬಂತು. ಒಳಗೆ ಹದಿಮೂರು ಬೀಜ, ಕಪ್ಪಗೆ, ಎಣ್ಣೆ ಸವರಿದಂತೆ. ದೊಡ್ಡಮ್ಮ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಹತ್ತೊಂಬತ್ತು ವರ್ಷ," ಎಂದರು, ಅಷ್ಟೆ.

ಹದಿಮೂರು ಬೀಜವೆಂದರೆ ಹದಿಮೂರು ಕಣಗಳು, ಪ್ರತಿಯೊಂದೂ ಕತ್ತಲೆಯಲ್ಲಿ ಒಂಟಿಯಾಗಿ ನಡೆದು ತಲುಪಿದವು. ಸಂಜೆ ತಂಗಿಯನ್ನು ಕರೆತಂದು ತೋರಿಸಿದೆ. "ಎರಡು ವಾರ ಅಂಚೆಯಲ್ಲಿ, ಫ್ರಿಜ್ಜಿನಲ್ಲಿ ಇದ್ದ ಧೂಳಾ ಇದು?" ಎಂದಳು. ಮತ್ತೆ, "ಅಕ್ಕಾ, ಆ ಪಾಠ ಇನ್ನೊಂದು ಸಲ ಹೇಳ್ಕೊಡು," ಎಂದಳು. ಸೂಕ್ಷ್ಮದರ್ಶಕದ ಕೋಣೆಗೆ ಕರೆದೊಯ್ದು, ದಾಸವಾಳದ ಪರಾಗ ಹಾಕಿ, ಕಣ್ಣಿಡಲು ಹೇಳಿ, ನಾನು ಬಾಯಿ ಮುಚ್ಚಿಕೊಂಡು ಕುಳಿತೆ.

ಆಗಸ್ಟ್ 9

ಮುದುಕಿ ಹೋಯಿತು. ಕೊನೆಯ ಎಲೆ ನಿನ್ನೆ ಬಿತ್ತು. ಕಾಂಡ ಕತ್ತರಿಸಬೇಡಿ, ಒಣಗಿದ್ದರೂ ನಿಂತಿರಲಿ ಎಂದು ನಿರ್ದೇಶಕರನ್ನು ಕೇಳಿಕೊಂಡೆವು.

ಬೀಜ ಬಿತ್ತಿದ ಹದಿಮೂರು ಕುಂಡಗಳಲ್ಲಿ ಏನೂ ಇಲ್ಲ. ಬರೀ ಮಣ್ಣು.

ಆಗಸ್ಟ್ 30

ಬೆಳಿಗ್ಗೆ ಒಳಗೆ ಕಾಲಿಟ್ಟಾಗ ದೊಡ್ಡಮ್ಮ ನೀರು ಹಾಕುತ್ತಿರಲಿಲ್ಲ. ಬಿಂದಿಗೆ ನೆಲದ ಮೇಲಿಟ್ಟು, ನಾಲ್ಕನೆಯ ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ನಾನೂ ಕುಳಿತೆ. ನಡುವಿನಲ್ಲಿ ಮಣ್ಣು ಕೂದಲೆಳೆಯಷ್ಟು ಸೀಳಿತ್ತು. ಸೀಳಿನೊಳಗೆ ತಿಳಿಹಸಿರಿನ ಬಾಗಿದ ಬೆನ್ನೊಂದು. ತಲೆ ಇನ್ನೂ ಒಳಗೇ ಇತ್ತು, ಬೀಜದ ಕಪ್ಪು ಟೋಪಿಯಡಿ. ಮಣ್ಣನ್ನು ಸರಿಸಿ ನೆರವಾಗಲು ಚಿಮುಟ ತೆಗೆದೆ. ಮತ್ತೆ ಜೇಬಿನಲ್ಲಿಟ್ಟೆ.

ದೊಡ್ಡಮ್ಮ ಎದ್ದು ಸಲಕರಣೆಯ ಕೋಣೆಗೆ ಕರೆದರು. ಬಾಗಿಲನ್ನು ಮುಚ್ಚಿದಾಗ ಅದರ ಹಿಂಬದಿ ಕಂಡಿತು. ಮೇಲಿನಿಂದ ಕೆಳಗಿನವರೆಗೆ ಸೀಮೆಸುಣ್ಣದ ಸಾಲುಗಳು: ಹತ್ತೊಂಬತ್ತು ವರ್ಷಗಳ ಪ್ರತಿಯೊಂದು ಹೂ, ಅದು ತುಟಿ ಬಿರಿದ ತಾರೀಖು, ಗಳಿಗೆ. ಈ ವರ್ಷದ ಒಂಬತ್ತೂ ಇದ್ದವು, ನಾನು ಹಾಳುಮಾಡಿದ ಏಳೂ ಸೇರಿ. ಯಾರ ಹೆಸರೂ ಎಲ್ಲೂ ಇರಲಿಲ್ಲ. ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು.

"ನೀನು ಬರಿ ಮಗಾ," ಎಂದು ಸೀಮೆಸುಣ್ಣ ಕೊಟ್ಟರು.

ಮಂಡಿಯೂರಿ ಬರೆದೆ:

ಆಗಸ್ಟ್ 30, ಬೆಳಿಗ್ಗೆ ಆರೂಮುಕ್ಕಾಲು. ನಾಲ್ಕನೆಯ ಕುಂಡ. ತುಟಿ ಬಿರಿಯಿತು.